ಮೋಸದ ಕರೆಗಳೂ ನಮ್ಮವರ ಮೌನವೂ

ಪರಸ್ಥಳದಲ್ಲಿ ದುಡಿದು ಬಾಳುವವನಿಗೆ ಎರಡು ಬಗೆಯ ಕಳ್ಳರ ಭಯವುಂಟು. ಬೀಗ ಮುರಿದು ಬರುವವನು ಒಬ್ಬ. ನಮ್ಮ ಕೈಯಿಂದಲೇ ಬೀಗ ತೆಗೆಸಿ ಒಳಗೆ ಬರುವವನು ಮತ್ತೊಬ್ಬ. ಮೊದಲನೆಯವನ ಕಾಟ ನಮ್ಮ ಅಜ್ಜಂದಿರ ಕಾಲದಿಂದಲೂ ಇದ್ದದ್ದೇ. ಎರಡನೆಯವನ ಕೈಗೆ ಈ ಹತ್ತು ವರ್ಷಗಳಲ್ಲಿ ದೂರವಾಣಿಯೆಂಬ ಹೊಸ ಆಯುಧ ಬಂದು ಸೇರಿರುವುದರಿಂದ, ತಿರುವಲ್ಲಿಕ್ಕೇಣಿಯ ಕೋಣೆಯೊಂದರಲ್ಲಿ ನಾಲ್ವರೊಡನೆ ಮಲಗುವ ಕ್ಲೀನರ್ ಹುಡುಗನ ದಿಂಬಿನ ಕೆಳಗೂ ಅವನು ಬಂದು ಕುಳಿತಿದ್ದಾನೆ.

ಕೇಂದ್ರ ಸರ್ಕಾರವು 2025ರ ಜುಲೈ ತಿಂಗಳಲ್ಲಿ ಲೋಕಸಭೆಗೆ ಒಪ್ಪಿಸಿದ ಲೆಕ್ಕದ ಪ್ರಕಾರ, ಸೈಬರ್ ವಂಚಕರ ಪಾಲಾದ ಹಣವು 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಸುಮಾರು 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಈ ಲೆಕ್ಕದಲ್ಲಿ ಸೇರಿರುವುದು ದೂರು ಕೊಟ್ಟವರ ಹಣ ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರ ಹಣ ಯಾವ ಲೆಕ್ಕಕ್ಕೂ ಬಂದಿಲ್ಲ. ನಮ್ಮ ಹೋಟೆಲು ಕಾರ್ಮಿಕ ಬಂಧುಗಳ ಮತ್ತು ಗುಮಾಸ್ತೆ ಬಂಧುಗಳ ನಷ್ಟವು ಬಹುತೇಕ ಆ ಎರಡನೆಯ ಬಗೆಯದು ಎಂಬುದು ನಮ್ಮ ಅನುಭವಕ್ಕೆ ಬಂದಿರುವ ವಿಷಾದಕರ ಸಂಗತಿ.

ಮೋಸಹೋದವನನ್ನು ಕಂಡರೆ ‘ಆಸೆಗೆ ಬಿದ್ದ, ಕಳೆದುಕೊಂಡ’ ಎಂದು ಹೇಳಿ ಮುಂದೆ ಹೋಗುವುದು ಲೋಕರೂಢಿ. ಈ ಮಾತು ಅರ್ಧ ಸತ್ಯ. ವಂಚಕನ ನಿಜವಾದ ಬಂಡವಾಳ ನಮ್ಮ ಒಂಟಿತನ. ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲದ ಗಳಿಗೆಯನ್ನು ನೋಡಿ ಅವನು ಬರುತ್ತಾನೆ. ಕಳೆದುಕೊಂಡ ಮೇಲೆ ಯಾರಿಗೂ ಹೇಳಲಾರರೆಂಬ ಧೈರ್ಯದಿಂದ ಹೋಗುತ್ತಾನೆ. ಊರು, ಮನೆ, ಭಾಷೆ ಮೂರನ್ನೂ ಬಿಟ್ಟು ಬಂದ ನಮ್ಮವರಲ್ಲಿ ಈ ಬಂಡವಾಳ ಅವನಿಗೆ ಬೇಕಾದಷ್ಟು ದೊರೆಯುತ್ತದೆ.

ಹಳೆಯ ಮದರಾಸಿನ ಪಾಠ

ಈ ಪಟ್ಟಣಕ್ಕೆ ಮೋಸ ಹೊಸದಲ್ಲ. 1906ರ ಅಕ್ಟೋಬರ್ 22ರಂದು ಮದರಾಸಿನ ಆರ್ಬತ್‌ನಾಟ್ ಕಂಪೆನಿ ಬಾಗಿಲು ಮುಚ್ಚಿತು. ಆಂಗ್ಲ ದೊರೆಗಳ ದೊಡ್ಡ ಹೆಸರನ್ನು ನಂಬಿ ಹಣವಿಟ್ಟಿದ್ದ ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಕಂಪೆನಿಯ ಮುಖ್ಯ ಪಾಲುದಾರ ಸರ್ ಜಾರ್ಜ್ ಆರ್ಬತ್‌ನಾಟನಿಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಆ ಸಂಕಟದ ಫಲವಾಗಿ, ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ, 1907ರಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು.

ಅದೇ 1906ರಲ್ಲಿ ನಮ್ಮ ಕಡೆ, ಮಂಗಳೂರಿನಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಮುಂದೆ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಕ್ರಮವನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಚೀಟಿ ಬರೆದುಕೊಡುತ್ತಿದ್ದನು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿಯ ಪದ್ಧತಿ ನಮ್ಮವರಿಗೆ ಕಲಿಸಿದ ಪಾಠ ಮರೆಯುವಂಥದಲ್ಲ. ಏಜೆಂಟನ ಮುಖ ನಮಗೆ ಗೊತ್ತಿತ್ತು, ಅವನ ಹಿಂದಿನ ಬ್ಯಾಂಕಿನ ಕಟ್ಟಡವೂ ಗೊತ್ತಿತ್ತು. ಕೊಟ್ಟ ಹಣಕ್ಕೆ ಅಂದೇ ಬರವಣಿಗೆ ಇತ್ತು, ಬರುವ ಬಡ್ಡಿ ಅಲ್ಪವಾಗಿತ್ತು. ಇಂದು ಹಣ ಕೇಳಿ ಬರುವವರಲ್ಲಿ ಈ ಲಕ್ಷಣಗಳಲ್ಲಿ ಎಷ್ಟು ಇವೆ ಎಂದು ಎಣಿಸಿ ನೋಡಿದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ.

ಚೆನ್ನೈಯನ್ನು ನಡುಗಿಸಿದ ಆರುದ್ರಾ ಚಿನ್ನದ ವ್ಯಾಪಾರದ ಕಂಪೆನಿಯ ಪ್ರಕರಣ ವಾಚಕರ ನೆನಪಿನಲ್ಲಿರಬಹುದು. ಪೋಲೀಸರ ಆರ್ಥಿಕ ಅಪರಾಧ ವಿಭಾಗದ ಆರೋಪದಂತೆ, 2020ರಿಂದ 2022ರೊಳಗೆ ಒಂದು ಲಕ್ಷಕ್ಕೂ ಮಿಕ್ಕ ಜನರಿಂದ ಸುಮಾರು 2,438 ಕೋಟಿ ರೂಪಾಯಿ ಸಂಗ್ರಹವಾಯಿತು. ತೋರಿಸಿದ ಆಸೆ, ತಿಂಗಳಿಗೆ ನೂರಕ್ಕೆ ಇಪ್ಪತ್ತೈದರಿಂದ ಮೂವತ್ತು.

ಈ ಮೂವತ್ತರ ಲೆಕ್ಕವನ್ನು ಯಾವ ಹೋಟೆಲು ಗುಮಾಸ್ತನೂ ಬಿಲ್ಲಿನ ಹಿಂಬದಿಯಲ್ಲಿ ಮಾಡಿ ನೋಡಬಹುದು. ಒಂದು ಲಕ್ಷವನ್ನು ಇಟ್ಟು, ಬರುವ ಬಡ್ಡಿಯನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತ ಹೋದರೆ ವರ್ಷದ ಕೊನೆಗೆ ಅದು ಇಪ್ಪತ್ತಮೂರು ಲಕ್ಷವನ್ನು ದಾಟಬೇಕು! ಅಕ್ಕಿ, ಉದ್ದು, ಎಣ್ಣೆ, ಅನಿಲ, ಬಾಡಿಗೆ, ಸಂಬಳ ಇವೆಲ್ಲವನ್ನೂ ಕಳೆದು, ನೂರು ರೂಪಾಯಿ ಹೂಡಿದ್ದಕ್ಕೆ ತಿಂಗಳಿಗೆ ಮೂವತ್ತು ಉಳಿಸುವ ಹೋಟೆಲನ್ನು ನಾವು ಈ ಪಟ್ಟಣದಲ್ಲಿ ಕಂಡುದಿಲ್ಲ. ಅಂಥ ವ್ಯಾಪಾರವೊಂದು ನಿಜವಾಗಿ ಇದ್ದಿದ್ದರೆ ಅದರ ಯಜಮಾನನು ಸಪ್ಲೈಯರನ ಸಂಬಳಕ್ಕೆ ಕೈಚಾಚುವ ಅಗತ್ಯವೇ ಇರುತ್ತಿರಲಿಲ್ಲ. ಹಿಂದೆ ಬಂದವನಿಗೆ ಮುಂದೆ ಬರುವವನ ಹಣದಿಂದ ಬಡ್ಡಿ ಕೊಡುವುದೇ ಇಂಥ ಕಂಪೆನಿಗಳ ಒಳಗುಟ್ಟು. ಹೊಸಬರ ಬರವು ನಿಂತ ದಿನ ಎಲ್ಲವೂ ನಿಲ್ಲುತ್ತದೆ. ಮೊದಲು ಸೇರಿದ ಸ್ನೇಹಿತನಿಗೆ ನಾಲ್ಕು ತಿಂಗಳು ಬಡ್ಡಿ ಬಂದದ್ದು ಕಂಪೆನಿಯ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದಿಲ್ಲ. ಆ ಬಡ್ಡಿ ಗಾಳಕ್ಕೆ ಸಿಕ್ಕಿಸಿದ ಎರೆಯೂ ಆಗಿರಬಹುದು.

ಹಾಗೆಂದು ಬಡ್ಡಿ ಕಡಿಮೆಯಿದ್ದಲ್ಲಿ, ಹೆಸರು ಹಳೆಯದಾದಲ್ಲಿ ಭಯವಿಲ್ಲವೆಂದು ತಿಳಿಯುವುದೂ ಸರಿಯಲ್ಲ. 1872ರಲ್ಲಿ ಸ್ಥಾಪನೆಯಾದ ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡಿನ ಠೇವಣಿದಾರರು, ಅವರಲ್ಲಿಯೂ ನಿವೃತ್ತಿಯ ಹಣವನ್ನಿಟ್ಟ ವೃದ್ಧರು, ಹಣ ವಾಪಸು ಬಾರದೆ ದೂರು ಕೊಟ್ಟುದರಿಂದ 2024ರ ಆಗಸ್ಟ್‌ನಲ್ಲಿ ಅದರ ವ್ಯವಸ್ಥಾಪಕ ನಿರ್ದೇಶಕರ ಬಂಧನವಾಯಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ತರುವಾಯ, 1962ರ ಜನವರಿ 1ರಿಂದ ನಮ್ಮ ದೇಶದಲ್ಲಿ ಬ್ಯಾಂಕು ಠೇವಣಿಗೆ ವಿಮೆಯಿದೆ. ಆರಂಭದಲ್ಲಿ ಅದರ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಲಾಯಿತು. ನಿಧಿ ಕಂಪೆನಿಗಳಿಗಾಗಲಿ, ಚೀಟಿಗಳಿಗಾಗಲಿ, ಚಿನ್ನದ ಅಂಗಡಿಯ ತಿಂಗಳ ಕಂತಿಗಾಗಲಿ ಈ ವಿಮೆಯ ರಕ್ಷಣೆಯಿಲ್ಲ. ಹೋಟೆಲು ಕೆಲಸಗಾರರು ತಮ್ಮತಮ್ಮಲ್ಲಿ ನಂಬಿಕೆಯ ಮೇಲೆ ಹಾಕುವ ಚೀಟಿಯ ವಿಷಯದಲ್ಲಿಯೂ, 1982ರ ಚಿಟ್ ಫಂಡು ಕಾಯಿದೆಯಂತೆ ಅದು ನೋಂದಣಿಯಾಗಿದೆಯೇ ಎಂದು ವಿಚಾರಿಸುವುದು ವಿವೇಕ.

ಅವಸರದ ಸಂದೇಶಗಳು

ಠೇವಣಿಯ ಮೋಸ ನಿಧಾನವಾಗಿ ಬರುವಂಥದು. ದೂರವಾಣಿಯ ಸಂದೇಶದ ಮೋಸಕ್ಕೆ ನಿಧಾನವೆಂಬುದು ವಿಷಸಮಾನ. 2022ರಲ್ಲಿ ತಮಿಳುನಾಡಿನಲ್ಲಿ ಹರಿದಾಡಿದ ಸಂದೇಶವನ್ನು ನೋಡಿ: ‘ಕಳೆದ ತಿಂಗಳ ವಿದ್ಯುತ್ ಬಿಲ್ಲು ಪಾವತಿಯಾಗಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಸಂಪರ್ಕ ಕಡಿಯಲಾಗುವುದು, ಕೂಡಲೇ ಈ ಅಧಿಕಾರಿಯನ್ನು ಕರೆಯಿರಿ.’ ನಾಳೆಯ ಹಿಟ್ಟು ಇನ್ನೂ ರುಬ್ಬಬೇಕಾಗಿರುವ ಹೋಟೆಲಿನವನಿಗೆ ಈ ಮಾತು ಕೇಳಿದರೆ ಕೈಕಾಲು ಆಡದು. ಆದರೆ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಆ ಕಾಲದಲ್ಲಿ ಇಲ್ಲಿಯ ವಿದ್ಯುತ್ ಬಿಲ್ಲು ಬರುತ್ತಿದ್ದುದೇ ಎರಡು ತಿಂಗಳಿಗೊಮ್ಮೆ! ‘ಕಳೆದ ತಿಂಗಳ ಬಿಲ್ಲು’ ಎಂಬ ಮಾತಿನಲ್ಲಿಯೇ ಅದರ ಸುಳ್ಳು ಅಡಗಿತ್ತು. ಅವಸರಪಡಿಸುವುದರ ಉದ್ದೇಶವೇ ಆ ಒಂದು ನಿಮಿಷವನ್ನು ನಮ್ಮಿಂದ ಕಸಿದುಕೊಳ್ಳುವುದು.

ಬ್ಯಾಂಕಿನ ಕೆವೈಸಿ ಮುಗಿದಿದೆ, ಎಟಿಎಂ ಕಾರ್ಡು ನಿಲ್ಲುತ್ತದೆ, ನಿಮ್ಮ ಸ್ಕೂಟರಿಗೆ ದಂಡ ಬಿದ್ದಿದೆ ಎಂಬ ಸಂದೇಶಗಳೆಲ್ಲ ಇದೇ ಕುಲಕ್ಕೆ ಸೇರಿದವು. ಮದುವೆಯ ಆಮಂತ್ರಣಪತ್ರವೆಂದು ವಾಟ್ಸಾಪಿನಲ್ಲಿ ಬರುವ ಕಡತವೂ ಕೆಲವು ಸಲ ಆಮಂತ್ರಣವಾಗಿರುವುದಿಲ್ಲ. ಕಡತದ ಹೆಸರು ‘ಎಪಿಕೆ’ ಎಂಬ ಮೂರು ಅಕ್ಷರಗಳಿಂದ ಮುಗಿದಿದ್ದರೆ ಅದನ್ನು ಮುಟ್ಟಲೇಬಾರದು. ಮುಟ್ಟಿ ಒಪ್ಪಿಗೆ ಕೊಟ್ಟರೆ ಅದು ಫೋನಿನೊಳಗೆ ಸೇರಿ, ಬ್ಯಾಂಕಿನಿಂದ ಬರುವ ಗುಪ್ತ ಸಂಖ್ಯೆಗಳನ್ನು ನಾವು ಓದುವುದಕ್ಕಿಂತ ಮೊದಲೇ ವಂಚಕನಿಗೆ ಓದಿ ಹೇಳಬಲ್ಲುದು.

ಬ್ಯಾಂಕುಗಳು ಸೇವೆಗೆ ಸಂಬಂಧಿಸಿದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಮಾಡತಕ್ಕದ್ದೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಆದೇಶಿಸಿದೆ. ಬ್ಯಾಂಕುಗಳ ಅಂತರ್ಜಾಲ ವಿಳಾಸವು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದೂ ಅದೇ ವರ್ಷ ಕಟ್ಟುಮಾಡಿದೆ. ಈ ಗುರುತುಗಳು ಉಪಯುಕ್ತವೇ. ಆದರೂ ಸಂಖ್ಯೆ ಯಾವುದೇ ಇರಲಿ, ಓಟಿಪಿಯನ್ನೂ ಪಿನ್ನನ್ನೂ ಕೇಳುವವನು ಬ್ಯಾಂಕಿನವನಲ್ಲ ಎಂಬ ಒಂದೇ ನಿಯಮವನ್ನು ಹಿಡಿದವನಿಗೆ ಉಳಿದವೆಲ್ಲ ಸುಲಭ.

ಗಲ್ಲಾದ ಮುಂದಿನ ಮೋಸ

ನಮ್ಮ ಉದ್ಯಮವನ್ನೇ ಗುರಿಯಿಟ್ಟು ಮಾಡಿದ ಮೋಸವೊಂದಿದೆ. ಹೋಟೆಲಿಗೆ ಕರೆ ಬರುತ್ತದೆ. ಮಾತನಾಡುವವನು ತಾನು ಸೈನ್ಯದ ಅಧಿಕಾರಿಯೆಂದೂ, ತನ್ನ ಜವಾನರಿಗೆ ನಲವತ್ತು ಊಟದ ಪಾರ್ಸಲು ಬೇಕೆಂದೂ ಹೇಳುತ್ತಾನೆ. ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸುತ್ತಾನೆ. ಪಾರ್ಸಲು ಕಟ್ಟಿ ಮುಗಿಯುವ ಹೊತ್ತಿಗೆ ಮತ್ತೆ ಕರೆ: ‘ಸೈನ್ಯದಲ್ಲಿ ಹಣ ಪಾವತಿಯ ಕ್ರಮ ಬೇರೆ. ನೀವು ಮೊದಲು ಇಷ್ಟು ಹಣ ಕಳುಹಿಸಿ ಖಾತೆಯನ್ನು ಖಚಿತಪಡಿಸಿ. ಎರಡರಷ್ಟು ವಾಪಸು ಬರುತ್ತದೆ.’ ಇಲ್ಲವೇ, ‘ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬಂದು ಬೀಳುತ್ತದೆ.’ ಒತ್ತಿದೊಡನೆ ಗಲ್ಲಾದ ಹಣ ಹೋಗುತ್ತದೆ. ಕಟ್ಟಿದ ನಲವತ್ತು ಊಟ ಮೇಜಿನ ಮೇಲೆ ಉಳಿಯುತ್ತದೆ. ದೇಶದ ಅನೇಕ ಪಟ್ಟಣಗಳಲ್ಲಿ ಉಪಾಹಾರ ಗೃಹಗಳು ಈ ಉಪಾಯಕ್ಕೆ ಬಲಿಯಾಗಿವೆ.

ಇಲ್ಲಿ ತಿಳಿಯಬೇಕಾದುದು ಇಷ್ಟೆ: ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಈ ಎರಡು ವಾಕ್ಯಗಳನ್ನು ಬರೆದು ಗಲ್ಲಾದ ಗೋಡೆಗೆ ಅಂಟಿಸಿದರೆ ದೇವರ ಪಟದಷ್ಟೇ ರಕ್ಷಣೆ ಕೊಡುತ್ತದೆ.

ಗಿರಾಕಿಯು ತನ್ನ ಫೋನಿನಲ್ಲಿ ತೋರಿಸುವ ‘ಹಣ ಪಾವತಿಯಾಯಿತು’ ಎಂಬ ಚಿತ್ರವೂ ನಕಲಿಯಾಗಿರಬಹುದು. ನೋಡಬೇಕಾದುದು ನಮ್ಮ ಖಾತೆಯನ್ನು, ಕೇಳಬೇಕಾದುದು ನಮ್ಮ ಪೆಟ್ಟಿಗೆಯ ಧ್ವನಿಯನ್ನು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಮೇಜಿನ ಮೇಲಿನ ಕ್ಯೂಆರ್ ಚೀಟಿಯ ಮೇಲೆ ಬೇರೊಬ್ಬರು ತಮ್ಮ ಚೀಟಿಯನ್ನು ಅಂಟಿಸಿದ್ದಾರೆಯೇ ಎಂದು ಉಗುರಿನಿಂದ ಕೆರೆದು ನೋಡುವುದು ಒಳ್ಳೆಯದು. ಈ ಮೋಸಗಳ ನಷ್ಟವನ್ನು ಕ್ಯಾಷಿಯರನ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿ ಕೆಲವೆಡೆ ಉಂಟು. ಕಲಿಸದೆ ಇದ್ದುದಕ್ಕೆ ದಂಡ ಹಾಕುವುದು ನ್ಯಾಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಪೋಲೀಸರ ವೇಷ

ಅವಸರ ಸಾಲದಾದಾಗ ವಂಚಕನು ಭಯವನ್ನು ಕರೆತರುತ್ತಾನೆ. ನಿಮ್ಮ ಹೆಸರಿನ ಕೊರಿಯರ್ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆಯಿಂದ ಅಪರಾಧ ನಡೆದಿದೆ ಎಂದು ಹೇಳಿ, ವಿಡಿಯೋ ಕರೆಯಲ್ಲಿ ಪೋಲೀಸ್ ಸಮವಸ್ತ್ರ ತೊಟ್ಟು ಕುಳಿತು, ‘ನೀನು ಡಿಜಿಟಲ್ ಅರೆಸ್ಟ್ ಆಗಿದ್ದೀಯೆ, ಫೋನು ಇಡಬೇಡ, ಯಾರಿಗೂ ಹೇಳಬೇಡ’ ಎನ್ನುತ್ತಾನೆ. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಫೋನಿನ ಮೂಲಕ ಬಂಧಿಸುವ ಕ್ರಮವಿಲ್ಲ. 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಿಯವರೇ ಇದನ್ನು ಜನತೆಗೆ ತಿಳಿಸಿದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಓದು ಇಲ್ಲದವರು ಮಾತ್ರ ಇದಕ್ಕೆ ಸಿಕ್ಕುತ್ತಾರೆಂದು ಯಾರೂ ತಿಳಿಯಬಾರದು. 2024ರಲ್ಲಿ ಲೂಧಿಯಾನದ ವರ್ಧಮಾನ್ ಉದ್ಯಮ ಸಮೂಹದ ವೃದ್ಧ ಅಧ್ಯಕ್ಷರನ್ನು, ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ಫೋನಿನಲ್ಲಿ ನಡೆಸಿ ತೋರಿಸಿ, 7 ಕೋಟಿ ರೂಪಾಯಿ ಕಸಿದರು. ಅವರು ದೂರು ಕೊಟ್ಟುದರಿಂದ ಪೋಲೀಸರು ಸುಮಾರು 5.25 ಕೋಟಿಯನ್ನು ಮರಳಿ ದೊರಕಿಸಿಕೊಟ್ಟರು. ಅಷ್ಟು ದೊಡ್ಡವರೇ ನಾಚದೆ ಠಾಣೆಗೆ ಹೋಗಿರುವಾಗ ನಮ್ಮ ಸಪ್ಲೈಯರ್ ತಮ್ಮಂದಿರು ನಾಚಬೇಕಾದ ಕಾರಣವೇನು? ‘ಯಾರಿಗೂ ಹೇಳಬೇಡ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಎಲ್ಲರಿಗೂ ಹೇಳತಕ್ಕ ಕ್ಷಣ.

ನಾಚಿಕೆಯನ್ನೇ ಕತ್ತಿಯಾಗಿ ಹಿಡಿದ ಇನ್ನೊಂದು ವರ್ಗವೆಂದರೆ ಐದು ನಿಮಿಷದಲ್ಲಿ ಸಾಲ ಕೊಡುವ ಫೋನ್ ಆಪುಗಳು. ಮೂರು ಸಾವಿರ ಕೊಟ್ಟು, ವಾರದೊಳಗೆ ಐದು ಸಾವಿರ ಕೇಳಿ, ಕೊಡದಿದ್ದರೆ ವಿಕಾರಗೊಳಿಸಿದ ಭಾವಚಿತ್ರವನ್ನು ಊರಿನ ನೆಂಟರಿಗೆಲ್ಲ ಕಳುಹಿಸುವುದಾಗಿ ಹೆದರಿಸುವುದು ಇವುಗಳ ವೃತ್ತಿ. ಸಾಲದ ಆಪು ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ತೆಗೆಯಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ವಿಧಿಸಿದೆ. ಆ ಪಟ್ಟಿಗೆ ಅನುಮತಿ ಕೇಳುವ ಆಪು, ಕೇಳಿದ ಗಳಿಗೆಯಲ್ಲಿಯೇ ತನ್ನ ಜಾತಕವನ್ನು ಹೇಳಿಕೊಂಡಂತೆ.

ಪಾಸ್‌ಬುಕ್ಕಿನ ಬಾಡಿಗೆ

ಇದುವರೆಗೆ ಹೇಳಿದವು ಹಣ ಹೋಗುವ ಮೋಸಗಳು. ಮಾನವೂ ಸ್ವಾತಂತ್ರ್ಯವೂ ಹೋಗುವ ಮೋಸವೊಂದಿದೆ. ಈ ಲೇಖನವನ್ನು ಬರೆಯಲು ನಮ್ಮನ್ನು ಮುಖ್ಯವಾಗಿ ಪ್ರೇರೇಪಿಸಿದುದು ಅದೇ.

ವಂಚಕನು ಕದ್ದ ಹಣವನ್ನು ತನ್ನ ಖಾತೆಗೆ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಮರುದಿನವೇ ಸಿಕ್ಕಿಬೀಳುತ್ತಾನೆ. ಅವನಿಗೆ ಬೇರೆಯವರ ಹೆಸರಿನ ಖಾತೆಗಳು ಬೇಕು, ಒಂದರಿಂದ ಮತ್ತೊಂದಕ್ಕೆ ನಿಮಿಷದೊಳಗೆ ಹಣ ದಾಟಿಸಲು ಹತ್ತಾರು ಬೇಕು. ಭಾರ ಹೊರುವ ಹೇಸರಗತ್ತೆಯ ಹೆಸರಿನಿಂದ ಇವನ್ನು ‘ಮ್ಯೂಲ್’ ಖಾತೆಗಳೆಂದು ಕರೆಯುತ್ತಾರೆ. ದೇಶದ ಏಳು ನೂರಕ್ಕೂ ಹೆಚ್ಚು ಬ್ಯಾಂಕು ಶಾಖೆಗಳಲ್ಲಿ ಇಂಥ ಸುಮಾರು ಎಂಟೂವರೆ ಲಕ್ಷ ಖಾತೆಗಳು ತೆರೆಯಲ್ಪಟ್ಟಿವೆಯೆಂದು ಸಿಬಿಐ 2025ರ ಜೂನ್‌ನಲ್ಲಿ ಪ್ರಕಟಿಸಿತು.

ಈ ಕತ್ತೆಗಳನ್ನು ಹುಡುಕುವವನು ಎಲ್ಲಿಗೆ ಬರುತ್ತಾನೆ? ಕೈಯಲ್ಲಿ ಹಣವಿಲ್ಲದ, ಖಾತೆಯಲ್ಲಿ ವ್ಯವಹಾರವಿಲ್ಲದ, ಊರಿಗೆ ಕಳುಹಿಸಬೇಕಾದ ಒತ್ತಾಯವಿರುವ ಹುಡುಗರ ಬಳಿಗೆ. ರಾತ್ರಿ ಹನ್ನೊಂದರ ಮೇಲೆ ಕೆಲಸ ಮುಗಿಸಿ ಹೊರಗೆ ನಿಂತ ಹುಡುಗನ ಹತ್ತಿರ ಬಂದು, ‘ಹ್ವಾಯ್, ಊರು ಯಾವ ಬದಿ? ನಮ್ದೂ ಬೈಂದೂರು ಬದಿಯೇ ಮಾರಾಯ’ ಎಂದು ಮಾತು ತೆಗೆಯುತ್ತಾನೆ. ತನಗೆ ವ್ಯಾಪಾರವಿದೆಯೆಂದೂ, ತೆರಿಗೆಯ ತೊಂದರೆಯಿಂದ ಸ್ವಲ್ಪ ಕಾಲ ಬೇರೊಂದು ಖಾತೆ ಬೇಕೆಂದೂ ಹೇಳುತ್ತಾನೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಹೊಸ ಸಿಮ್ಮು ಮೂರನ್ನು ಕೊಟ್ಟರೆ ತಿಂಗಳಿಗೆ ಇಷ್ಟು ಸಾವಿರ. ಕದಿಯಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು! ಪರಸ್ಥಳದಲ್ಲಿ ತನ್ನ ಊರಿನ ಮಾತನ್ನು ಕೇಳಿ ಕರಗದ ಮನಸ್ಸು ಯಾವುದು? ನಮ್ಮ ನುಡಿಯ ಮೇಲಿನ ಆ ಮಮತೆಯನ್ನೇ ಅವನು ಅಡವಿಟ್ಟುಕೊಳ್ಳುತ್ತಾನೆ.

ಮುಂದೆ ಆಗುವುದನ್ನು ಯಾರೂ ಹೇಳಿರುವುದಿಲ್ಲ. ಯಾವುದೋ ಊರಿನ ವಿಧವೆಯೊಬ್ಬಳ ಹಣ ಆ ಖಾತೆಗೆ ಬಂದು ಹೋಗುತ್ತದೆ. ಅವಳ ದೂರಿನ ಜಾಡು ಹಿಡಿದ ಪೋಲೀಸರಿಗೆ ದೊರೆಯುವುದು ಖಾತೆದಾರನ ಹೆಸರು, ಭಾವಚಿತ್ರ, ಆಧಾರ್, ಹೋಟೆಲಿನ ವಿಳಾಸ. ಬೈಂದೂರಿನ ಮಾತನಾಡಿದವನ ಫೋನು ಅಷ್ಟರಲ್ಲಿ ನಿಂತಿರುತ್ತದೆ. ಎಲ್ಲೋ ದೂರದ ರಾಜ್ಯದ ಠಾಣೆಯಿಂದ ಸಮನ್ಸು ಬರುತ್ತದೆ, ಸಂಬಳದ ಹಣವೂ ಸೇರಿ ಖಾತೆ ಸ್ಥಗಿತವಾಗುತ್ತದೆ, ಬಂಧನವೂ ಆಗಬಹುದು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಅವನು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕು. ಬಾಡಿಗೆಯ ಹಣ ಪಡೆದವನಿಗೆ ಅದು ಸುಲಭದ ಕೆಲಸವಲ್ಲ. ಆದುದರಿಂದ ನಾವು ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಹಲ್ಲುಜ್ಜುವ ಬ್ರಷ್ಷನ್ನು ಹೇಗೆ ಇನ್ನೊಬ್ಬರಿಗೆ ಕೊಡುವುದಿಲ್ಲವೋ ಹಾಗೆಯೇ ಬ್ಯಾಂಕು ಖಾತೆಯನ್ನೂ ಸಿಮ್ಮನ್ನೂ ಕೊಡಬೇಡಿ. ಅಣ್ಣ ಕೇಳಿದರೂ ಬೇಡ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂಬುದನ್ನು ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ತಾಣದಲ್ಲಿ ಯಾರೂ ನೋಡಿಕೊಳ್ಳಬಹುದು.

ಗುಮಾಸ್ತೆ ಬಂಧುಗಳಿಗೆ ಇದೇ ಬಲೆ ಬೇರೆ ರೂಪದಲ್ಲಿ ಬರುತ್ತದೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ತಮಿಳುನಾಡಿನ ಯುವಕರನ್ನು ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಪ್ರದೇಶದಲ್ಲಿ ಕೂಡಿಹಾಕಿ, ಫೋನಿನಲ್ಲಿ ಜನರನ್ನು ವಂಚಿಸುವ ಕೆಲಸ ಮಾಡಿಸಲಾಯಿತು. 2022ರ ಅಕ್ಟೋಬರ್‌ನಲ್ಲಿ ಅವರಲ್ಲಿ 13 ಮಂದಿ ಬಿಡುಗಡೆ ಹೊಂದಿ ಚೆನ್ನೈಗೆ ಮರಳಿದರು. ನಮಗೆ ಕರೆ ಮಾಡಿ ಹೆದರಿಸುವ ಧ್ವನಿಯ ಹಿಂದೆಯೂ ಒಮ್ಮೊಮ್ಮೆ ಇಂಥ ಸೆರೆಯಾಳು ಇರಬಹುದೆಂಬುದು ಈ ಕಾಲದ ವಿಪರ್ಯಾಸ. ವಿದೇಶದ ಕೆಲಸ ಕೊಡಿಸುವವನಿಗೆ 1983ರ ವಲಸೆ ಕಾಯಿದೆಯ ಪ್ರಕಾರ ಪರವಾನಗಿ ಇದೆಯೇ ಎಂದು ‘ಇ-ಮೈಗ್ರೇಟ್’ ತಾಣದಲ್ಲಿ ನೋಡದೆ ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಕೂಡದು.

ಮಾಡತಕ್ಕದ್ದೇನು?

ಮೋಸದ ರೂಪಗಳನ್ನು ಪಟ್ಟಿ ಮಾಡಿ ಮುಗಿಸುವುದು ಸಾಧ್ಯವಿಲ್ಲ. ನಾಳೆ ಹೊಸದೊಂದು ಬರುತ್ತದೆ. ಆದರೆ ಅವುಗಳ ಲಕ್ಷಣಗಳು ಮೂರೇ: ಅವಸರ, ಗುಟ್ಟು, ಮೊದಲು ನೀನು ಕೊಡು ಎಂಬ ಮಾತು. ಮೂರರಲ್ಲಿ ಒಂದು ಕಂಡರೂ ಫೋನನ್ನು ಕೆಳಗಿಟ್ಟು, ಅಡಿಗೆ ಭಟ್ಟರನ್ನೋ, ಕ್ಯಾಷಿಯರನ್ನೋ, ಪಕ್ಕದ ಅಂಗಡಿಯವರನ್ನೋ ಕೇಳಬೇಕು. ಅವರು ಪಂಡಿತರಾಗಿರಬೇಕಾಗಿಲ್ಲ. ಎರಡನೆಯ ಕಿವಿಗೆ ಬಿದ್ದ ಕೂಡಲೆ ಸುಳ್ಳಿಗೆ ಅರ್ಧ ಬಲ ಕುಂದುತ್ತದೆ.

ಹಣ ಹೋಗಿಯೇ ಬಿಟ್ಟಿದ್ದರೆ 1930 ಎಂಬ ಸಂಖ್ಯೆಗೆ ತಕ್ಷಣ ಕರೆ ಮಾಡಬೇಕು, ಇಲ್ಲವೇ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ದೂರು ದಾಖಲಿಸಬೇಕು. ಈ ದೂರು ಬ್ಯಾಂಕಿನಿಂದ ಬ್ಯಾಂಕಿಗೆ ಹಣದ ಹಿಂದೆಯೇ ಓಡಿ, ಅದು ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲಿಯೇ ತಡೆಹಿಡಿಸುತ್ತದೆ. ಎಟಿಎಂನಿಂದ ಹೊರಬಂದ ಹಣವನ್ನು ಯಾವ ದೂರೂ ಹಿಡಿಯಲಾರದು. ಆದಕಾರಣ ಮೊದಲ ಒಂದೆರಡು ಗಂಟೆಗಳ ಬೆಲೆ ಅಪಾರ. ತಮಿಳು ಬಾರದ ಹೊಸಬನು ಕರೆ ಮಾಡುವಾಗ ತಮಿಳು ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಹಣ ಹೋದ ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ ಇವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಆಮೇಲೆ ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಠೇವಣಿ ಕಂಪೆನಿಗಳ ಮೋಸಕ್ಕೆ 1997ರ ತಮಿಳುನಾಡು ಠೇವಣಿದಾರರ ಹಿತರಕ್ಷಣಾ ಕಾಯಿದೆಯುಂಟು. ಅದರ ದೂರು ಆರ್ಥಿಕ ಅಪರಾಧ ವಿಭಾಗಕ್ಕೆ ಸಲ್ಲಬೇಕು. ಕಳೆದುಹೋದ ಹಣವನ್ನು ಕಮಿಷನ್ ಪಡೆದು ಮರಳಿಸುತ್ತೇನೆಂದು ಬರುವವನು ಎರಡನೆಯ ಕಳ್ಳ. ಅವನಿಗೆ ಬಿಡಿಗಾಸನ್ನೂ ಕೊಡಕೂಡದು.

ಎಲ್ಲವನ್ನೂ ಬಡವನ ಎಚ್ಚರಿಕೆಯ ಮೇಲೆಯೇ ಹೊರಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ನಿಮಿಷದಲ್ಲಿ ಹಣ ಕಳುಹಿಸುವ ಅನುಕೂಲವನ್ನು ಕೊಟ್ಟವರು, ನಿಮಿಷದಲ್ಲಿ ಅದನ್ನು ತಡೆಯುವ ಅನುಕೂಲವನ್ನೂ ಕೊಡಬೇಕು. ಒಂದೇ ಶಾಖೆಯಲ್ಲಿ ಹುಡುಗರ ಗುಂಪನ್ನು ಕರೆತಂದು ಖಾತೆ ತೆರೆಸುವವನನ್ನು ಬ್ಯಾಂಕಿನ ಅಧಿಕಾರಿಗಳು ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಎಚ್ಚರಿಕೆಯ ಸಂದೇಶವು ಓದುವವನ ಭಾಷೆಯಲ್ಲಿ ಇರಬೇಕು. ವಂಚಕನು ನಮ್ಮ ಹುಡುಗನೊಡನೆ ಕನ್ನಡದಲ್ಲಿ ಮಾತನಾಡುವಷ್ಟು ಶ್ರಮ ವಹಿಸುತ್ತಿರುವಾಗ, ಅವನನ್ನು ಕಾಪಾಡಬೇಕಾದವರು ಅಷ್ಟು ಶ್ರಮ ವಹಿಸದಿರುವುದು ಸರಿಯೇ?

ಹೋಟೆಲು ಯಜಮಾನರಲ್ಲಿಯೂ ನಮ್ಮ ಮನವಿಯೊಂದಿದೆ. ಈ ಪಟ್ಟಣದಲ್ಲಿ ಉಡುಪಿ ಹೋಟೆಲುಗಳು ಬೆಳೆದುದು ನಂಬಿಕೆಯ ಮೇಲೆ. ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕೆ. ಕೃಷ್ಣರಾಯರಂಥವರು ಬರಿಗೈಯಲ್ಲಿ ಬಂದು, ಇನ್ನೊಬ್ಬರ ಹೋಟೆಲಿನಲ್ಲಿ ದುಡಿದೇ ಮೇಲೆ ಬಂದವರು. ಹುಡುಗನೊಬ್ಬ ಕೆಲಸಕ್ಕೆ ಸೇರಿದರೆ ಅವನ ಊಟ, ವಸತಿ, ಊರಿಗೆ ಕಳುಹಿಸುವ ಹಣ ಎಲ್ಲವನ್ನೂ ವಿಚಾರಿಸುವ ಹಿರಿಯರೊಬ್ಬರು ಆಗ ಇರುತ್ತಿದ್ದರು. ಆ ಹಿರಿತನ ಮತ್ತೆ ಬೇಕಾಗಿದೆ. ಸಂಬಳದ ದಿನ ಹತ್ತು ನಿಮಿಷ ಹುಡುಗರನ್ನು ಕೂರಿಸಿಕೊಂಡು, ಈ ತಿಂಗಳು ಯಾರಿಗೆ ಎಂಥ ಕರೆ ಬಂದಿತ್ತೆಂದು ಕೇಳಿದರೆ ಸಾಕು. ಮೋಸಹೋದೆನೆಂದು ಹೇಳಿದವನನ್ನು ನಗಬಾರದು, ಬೈಯಬಾರದು. ಒಬ್ಬನನ್ನು ನಕ್ಕರೆ ಮುಂದಿನ ಹತ್ತು ಜನ ಬಾಯಿ ಬಿಡುವುದಿಲ್ಲ.

ಊರಿನಲ್ಲಿ ತಾಯಂದಿರು ಎದುರು ನೋಡುತ್ತಿರುವ ಹಣ ಇದು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆಯ ಮುಂದೆ ನಿಂತು ಗಳಿಸಿದ ಹಣ. ಅದನ್ನು ಕಾಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಕೊಡುವ ಮೊದಲು ಒಬ್ಬರನ್ನು ಕೇಳಿ. ಕಳೆದುಕೊಂಡರೆ ಒಡನೆಯೇ ಹೇಳಿ.